ಸಿಸ್ಟರ್ ಕೊಟ್ಟ ಹ್ಯಾಂಡೋವರ್

ಗಂಡಸರ ವಾರ್ಡಿಗೆ ಮಧ್ಯಾಹ್ನದ ಪಾಳಿಗೆ ಬರುವ ನರ್ಸುಗಳು ಬಾಗಿಲಲ್ಲೇ ನಿಂತು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇವತ್ತು ಹ್ಯಾಂಡೋವರ್ ಯಾರು ಕೊಡೋದು?" ಸಿಸ್ಟರ್ ಎಂದು ಗೊತ್ತಾದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಬ್ಬಳು ಹೋಗಿ ನೀರು ಕುಡಿದು ಬರುತ್ತಿದ್ದಳು, ಇನ್ನೊಬ್ಬಳು ಬೂಟಿನ ಲೇಸು ಸಡಿಲ ಮಾಡಿಕೊಳ್ಳುತ್ತಿದ್ದಳು. ಬೇಗ ಬಿಡುಗಡೆಯಿಲ್ಲ ಎಂಬುದನ್ನು ಅನುಭವ ಕಲಿಸಿತ್ತು.

ಆಸ್ಪತ್ರೆಯಲ್ಲಿ ನರ್ಸುಗಳೆಲ್ಲ ಸಿಸ್ಟರುಗಳೇ. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ ಸಿಸ್ಟರ್ ಅಂದರೆ ಅದು ಈಕೆ. ಐವತ್ತು ದಾಟಿದವಳು, ಕುಳ್ಳಗಿನವಳು. ಮಂಚಗಳ ನಡುವೆ ಓಡಾಡಿ ಓಡಾಡಿ ಬೂಟಿನ ಹಿಮ್ಮಡಿ ಒಂದು ಕಡೆ ಸವೆದಿತ್ತು, ನಡಿಗೆಯೂ ಆ ಕಡೆಗೇ ವಾಲಿತ್ತು. ಬೀದಿಯವರೂ ಹಾಲಿನವನೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅಕ್ಕ ಎಂದು ಕರೆಯುವವನು ಭೂಮಿಯ ಮೇಲೆ ಒಬ್ಬನೇ ಇದ್ದ, ಅವಳ ತಮ್ಮ. ಅವನೂ ಈಚೆಗೆ ಅಷ್ಟಾಗಿ ಕರೆಯುತ್ತಿರಲಿಲ್ಲ.

ಹ್ಯಾಂಡೋವರ್ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಮನೆ ಕಟ್ಟಿಕೊಡುವವನು ಬೀಗದ ಕೈ ಕೊಟ್ಟು ಹ್ಯಾಂಡೋವರ್ ಆಯಿತು ಅಂದರೆ, ಇನ್ನು ನಲ್ಲಿ ಸೋರಿದರೆ ನಿಮ್ಮ ಫೋನು ಎತ್ತುವುದಿಲ್ಲ ಎಂದು ತಿಳಿದುಕೊಳ್ಳಬೇಕು. ವರ್ಗವಾದ ಗುಮಾಸ್ತ ಬೀರುವಿನ ಕೀಲಿ ಮೇಜಿನ ಮೇಲಿಟ್ಟು ಹ್ಯಾಂಡೋವರ್ ಅಂದರೆ, ಒಳಗಿನ ಗೋಜಲಿಗೂ ಅವನಿಗೂ ಋಣ ಹರಿಯಿತು. ಫ್ಯಾನು ರಿಪೇರಿ ಅಂಗಡಿ ಇಟ್ಟಿದ್ದ ಅವಳ ತಮ್ಮನೂ ಗಿರಾಕಿಯ ಎದುರು ಫ್ಯಾನನ್ನು ಒಂದು ಸಲ ಗಿರ್ರೆಂದು ತಿರುಗಿಸಿ ತೋರಿಸಿ, "ಹ್ಯಾಂಡೋವರ್ ಆಯ್ತು ಸಾರ್" ಅನ್ನುತ್ತಿದ್ದ. ದಾರಿಯಲ್ಲಿ ಅದು ನಿಂತರೆ ಅವನ ಪಾಲಿಗೆ ಹೊಸ ರಿಪೇರಿ. ಎಲ್ಲ ಕಡೆಯೂ ತಾತ್ಪರ್ಯ ಒಂದೇ: ನನ್ನ ತಲೆನೋವು ಇನ್ನು ನಿನ್ನದು.

ಇದಕ್ಕೆ ಕನ್ನಡದಲ್ಲಿ ಮಾತಿಲ್ಲವೆಂದಲ್ಲ. ಕಚೇರಿಯ ಕಾಗದದಲ್ಲಿ ಹಸ್ತಾಂತರ ಎಂದಿರುತ್ತದೆ, ಬಾಯಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ವಾರ್ಡಿನ ಹ್ಯಾಂಡೋವರಿಗೆ ಹತ್ತಿರದ ಮಾತು ಒಪ್ಪಿಸುವುದು. ಮಕ್ಕಳು ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಪಾಠ ಒಪ್ಪಿಸುವ ಹಾಗೆ, ಮನೆಗೆ ಹೋಗುವ ನರ್ಸು ಪ್ರತಿ ಮಂಚದ ಕಾಲಬದಿಗೆ ನಿಂತು ಆ ರೋಗಿಯ ಸಮಾಚಾರವನ್ನೆಲ್ಲ ಬರುವ ನರ್ಸಿಗೆ ಒಪ್ಪಿಸಬೇಕು. ನಿದ್ದೆ ಹೇಗೆ, ಊಟ ಎಷ್ಟು, ಒಂದು ಎರಡು ಆಯಿತೇ ಇಲ್ಲವೇ, ನೋವೆಲ್ಲಿ, ಮನಸ್ಸು ಹೇಗಿದೆ. ಕೇಸ್‌ಶೀಟಿನಲ್ಲಿ ಬರೆದಿದ್ದರೂ ಬಾಯಿಬಿಟ್ಟು ಹೇಳಬೇಕು. ಎಲ್ಲ ಕೇಳಿಸಿಕೊಂಡವಳು ಕೊನೆಗೆ, "ತಗೊಂಡೆ, ನೀವು ಹೋಗಿ" ಅನ್ನಬೇಕು. ಆ ಮಾತು ಬೀಳುವ ತನಕ ರೋಗಿ ಹಳಬಳ ಕೈಯಲ್ಲೇ.

ಈ ಪದ್ಧತಿಯನ್ನು ಸಿಸ್ಟರಿಗೆ ಕಲಿಸಿದ್ದು ಅವಳು ಕೆಲಸಕ್ಕೆ ಸೇರಿದಾಗ ಇದ್ದ ಹಳೆಯ ಮೇಟ್ರನ್, ಅಂದರೆ ನರ್ಸುಗಳಿಗೆಲ್ಲ ಮೇಲಿನವಳು. ಆಕೆ ಹೇಳುತ್ತಿದ್ದಳು: "ನೀನು ಹೇಳಿದ್ದು ಮಾತ್ರ ಕೈ ದಾಟುತ್ತೆ ಕಣೇ. ಹೇಳದೆ ಉಳಿಸಿಕೊಂಡಿದ್ದು ನಿನ್ನ ಜೊತೆಗೇ ಮನೆಗೆ ಬರುತ್ತೆ." ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ವಾರ್ಡಿನಲ್ಲಿ ನಡೆಯುವುದಿಲ್ಲ. ಎಳೆಯ ವಯಸ್ಸಿನಲ್ಲಿ ಕಿವಿಗೆ ಬಿದ್ದ ಮಾತನ್ನು ಸಿಸ್ಟರ್ ಗಟ್ಟಿಯಾಗಿ ಹಿಡಿದುಬಿಟ್ಟಳು. ಅವಳ ಹ್ಯಾಂಡೋವರ್ ಹನುಮಂತನ ಬಾಲದ ಹಾಗೆ ಬೆಳೆಯುತ್ತಿತ್ತು. ಈ ಮುದುಕಪ್ಪ ಮಾತ್ರೆ ನುಂಗಿದ ಹಾಗೆ ಮಾಡಿ ದವಡೆಯಲ್ಲಿ ಇಟ್ಟುಕೊಳ್ಳುತ್ತಾನೆ, ಬಾಯಿ ತೆಗೆಸಿ ನೋಡಿ. ಕಿಟಕಿ ಪಕ್ಕದವನು ಹೆಂಡತಿ ಬಂದು ಹೋದ ಮೇಲೆ ಮಾತಾಡುವುದಿಲ್ಲ, ಬಿಡಿ, ತಾನಾಗೇ ಸರಿಹೋಗುತ್ತಾನೆ. ಇಷ್ಟೆಲ್ಲ ಒಪ್ಪಿಸಿ ಮನೆಗೆ ಹೊರಟವಳು ಬಸ್ಸಿನಲ್ಲಿ ಏನೋ ನೆನಪಾಗಿ ವಾರ್ಡಿಗೆ ಫೋನು ಮಾಡುತ್ತಿದ್ದಳು. ವಾರ್ಡಿನ ಫೋನು ಸಂಜೆ ರಿಂಗಾದರೆ ಆಯಾ ಎತ್ತದೆಯೇ, "ಸಿಸ್ಟರ್ ಇರ್ಬೇಕು" ಅನ್ನುತ್ತಿದ್ದಳು.

ನಗಬೇಡಿ. ಅವಳ ಕೈಯಿಂದ ಜಾರಿ ಬಿದ್ದ ರೋಗಿ ಎಂದು ಯಾರೂ ಇರಲಿಲ್ಲ. ಆದರೆ ಹಾಗೆ ಹಿಡಿದುಕೊಂಡವಳ ಕೈ ನೋಯುವುದಿಲ್ಲವೇ?

ಮನೆಯಲ್ಲಿ ತಾಯಿ ಇದ್ದಳು. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿ ವರ್ಷಗಳಾಗಿದ್ದವು. ಬಾಯಿ ಕೊಂಚ ಸೊಟ್ಟಗಾಗಿ ಮಾತು ತಡವಾಗಿ ಹೊರಡುತ್ತಿತ್ತು, ಹೊರಟರೆ ಮಾತ್ರ ನೇರ ಗುರಿಗೇ. ಬಲಗೈಯಲ್ಲಿ ಸದಾ ಒಂದು ಸ್ಟೀಲಿನ ಚಮಚ. ಏನಾದರೂ ಬೇಕಾದರೆ ಅದರಿಂದ ಮಂಚದ ಕಬ್ಬಿಣದ ಪಟ್ಟಿಗೆ ಬಡಿಯುತ್ತಿದ್ದಳು. ಸಿಸ್ಟರಿಗೆ ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ತಾಯಿಯೇ ಉತ್ತರ ಕೊಡುತ್ತಿದ್ದಳು: "ಗಂಡು ನೋಡೋಕೆ ಬಂದಾಗಲೆಲ್ಲ ಇವಳು ಡ್ಯೂಟಿಲಿ ಇದ್ಲು." ಕೇಳಿದವರು ನಗುತ್ತಿದ್ದರು, ಸಿಸ್ಟರೂ ನಗುತ್ತಿದ್ದಳು. ತಮಾಷೆ ಹಳೆಯದಾದ ಮೇಲೂ ನಗುವುದು ತಪ್ಪಿರಲಿಲ್ಲ.

ಹಗಲು ತಾಯಿಯ ಹತ್ತಿರ ಎದುರು ಮನೆಯಾಕೆ ಬಂದು ಕೂರುತ್ತಿದ್ದಳು. ಅಂಗಡಿಯಿಂದ ಹೊಲಿದು ಬಂದ ಅಂಗಿಗಳಿಗೆ ಗುಂಡಿ ಹಾಕುವುದು ಅವಳ ಕಸುಬು, ಆದ್ದರಿಂದ ಬೀದಿಗೆಲ್ಲ ಗುಂಡಿಯಮ್ಮ. ಎಲ್ಲಿ ಕೂತರೂ ಹೊಲಿಯಬಹುದು, ಇಲ್ಲಿ ಕೂತರೆ ಮಾತಿಗೊಂದು ಜೀವವೂ ಸಿಕ್ಕಿತು ಎಂದು ಬರುತ್ತಿದ್ದಳು. ಪ್ರತಿ ಬೆಳಿಗ್ಗೆ ಸಿಸ್ಟರ್ ಮಂಚದ ಕಾಲಬದಿಗೆ ನಿಂತು ಅವಳಿಗೂ ಹ್ಯಾಂಡೋವರ್ ಕೊಡುತ್ತಿದ್ದಳು. "ತಗೊಂಡೆ, ನೀವು ಹೋಗಿ" ಅನ್ನುವುದನ್ನು ಅವಳಿಗೂ ಕಲಿಸಿದ್ದಳು. ತಾಯಿಗೆ ಇದು ಆಗುತ್ತಿರಲಿಲ್ಲ. "ನಾನೇನು ಸತ್ತಿದ್ದೀನಾ? ನನ್ನೆದುರಿಗೇ ನನ್ನ ಉಚ್ಚೆ ಲೆಕ್ಕ ಊರಿಗೆಲ್ಲ ಹೇಳ್ತಾಳೆ" ಎಂದು ಚಮಚ ಬಡಿಯುತ್ತಿದ್ದಳು. ಆದರೂ ದಿನಾ ಕೇಳಿ ಕೇಳಿ ಆ ಪಾಠ ಅವಳಿಗೂ ಬಾಯಿಪಾಠವಾಗಿತ್ತು.

ವಾರ್ಡಿನಿಂದ ಬಂದರೆ ಮನೆ, ಮನೆಯಿಂದ ಹೋದರೆ ವಾರ್ಡು. ಒಂದು ಮಂಚ ಬಿಟ್ಟರೆ ಇನ್ನೊಂದು ಮಂಚ. ರಾತ್ರಿ ಅವಳು ತಾಯಿಯ ಮಂಚದ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದಳು. ಮಲಗುತ್ತಿದ್ದಳು ಎಂದರೆ ಅಡ್ಡವಾಗುತ್ತಿದ್ದಳು ಅಷ್ಟೇ. ಚಮಚ ಅಲ್ಲಾಡಿದರೆ ಏಳುವಳು, ಅಲ್ಲಾಡದಿದ್ದರೆ ಯಾಕೆ ಅಲ್ಲಾಡಲಿಲ್ಲ ಎಂದು ಏಳುವಳು. ಸುಳ್ಳು ಯಾಕೆ ಹೇಳಬೇಕು, ಒಮ್ಮೊಮ್ಮೆ ತಾಯಿಯ ಮೇಲೆ ಅವಳಿಗೆ ಸಿಟ್ಟೂ ಬರುತ್ತಿತ್ತು, ಆಮೇಲೆ ಆ ಸಿಟ್ಟು ಬಂದದ್ದಕ್ಕೆ ತನ್ನ ಮೇಲೆ ಸಿಟ್ಟು ಬರುತ್ತಿತ್ತು. ದಣಿವು ಮೊದಲು ಕಾಲಲ್ಲಿತ್ತು, ಆಮೇಲೆ ಸೊಂಟಕ್ಕೆ ಏರಿತು, ಈಗೀಗ ತಲೆಯೊಳಗೇ ಬಂದು ಕೂತಿತ್ತು.

ಅದು ಹೊರಬಿದ್ದದ್ದು ಒಂದು ಮಧ್ಯಾಹ್ನ, ವಾರ್ಡಿನಲ್ಲಿ, ಹ್ಯಾಂಡೋವರ್ ನಡೆಯುತ್ತಿದ್ದಾಗ.

ಬಾಗಿಲ ಹತ್ತಿರದ ಮಂಚದಲ್ಲಿ ಕಾಲು ಮುರಿದ ಲಾರಿ ಡ್ರೈವರ್ ಒಬ್ಬನಿದ್ದ. ಆನೆಯಂಥ ಆಳು, ಮೀಸೆಯೇ ಒಂದು ಹಿಡಿ. ಅವನ ಕಾಲಬದಿಗೆ ನಿಂತ ಸಿಸ್ಟರ್ ಎಂದಿನ ದನಿಯಲ್ಲಿ ಶುರುಮಾಡಿದಳು: "ಇವರಿಗೆ ಬ್ರೆಡ್ಡು ಹಾಲಲ್ಲಿ ನೆನೆಸಿ ಚಮಚದಲ್ಲೇ ಕೊಡಿ, ಬಲಗಡೆಯಿಂದ ಕೊಡಿ, ಎಡಗಡೆ ಸೋರುತ್ತೆ. ಎಡ ಮಗ್ಗುಲಿಗೆ ಮಲಗಿಸಬೇಡಿ. ತಲೆ ಬಾಚುವಾಗ ಬೈತಾರೆ, ಮನಸ್ಸಿಗೆ ಹಚ್ಕೋಬೇಡಿ. ತುಂಬಾ ಹಟ ಮಾಡಿದ್ರೆ ಒಂದು ಹಾಡು ಹೇಳಿ, ಮಲಗಿಬಿಡ್ತಾರೆ."

ಕೇಳುತ್ತಿದ್ದ ನರ್ಸುಗಳು ಕಣ್ಣು ಕಣ್ಣು ಬಿಟ್ಟರು. ಡ್ರೈವರ್ ದಿಂಬಿನಿಂದ ತಲೆಯೆತ್ತಿ, "ಹಾಡು ನೀವೇ ಹೇಳ್ತೀರಾ ಸಿಸ್ಟರ್, ಇಲ್ಲಾ ಇವರ ಕೈಲಿ ಹೇಳಿಸ್ತೀರಾ?" ಅಂದ. ವಾರ್ಡಿಗೆ ವಾರ್ಡೇ ನಕ್ಕಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವನು ನಗಲಾರದೆ ಹೊಟ್ಟೆ ಹಿಡಿದುಕೊಂಡ. ಸಿಸ್ಟರಿಗೆ ಮೊದಲು ಏನಾಯಿತೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಕೈಯಲ್ಲಿದ್ದ ಕೇಸ್‌ಶೀಟು ಮುಚ್ಚಿದಳು. ಅವಳು ಒಪ್ಪಿಸಿದ್ದು ತಾಯಿಯ ಪಾಠ.

ನಗದೇ ಇದ್ದವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಈಗಿನ ಮೇಟ್ರನ್ ಒಬ್ಬಳೇ. ಅವಳು ಸಿಸ್ಟರಿಗಿಂತ ಚಿಕ್ಕವಳು, ಕೆಲಸ ಕಲಿತದ್ದೇ ಸಿಸ್ಟರ್ ಕೈಕೆಳಗೆ. ತನ್ನ ಕೋಣೆಗೆ ಕರೆದು ಕುರ್ಚಿ ಎಳೆದು ಕೂರಿಸಿದಳು.

"ಇವತ್ತು ಬ್ರೆಡ್ಡು ಹಾಲು, ನಗಾಡಿ ಬಿಟ್ವಿ. ನಾಳೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಅಂದ್ರೆ?"

"ಹಾಗೆ ಅನ್ನಲ್ಲ ನಾನು."

"ಇವತ್ತು ಅಂದ್ರಲ್ಲ."

ಮೇಟ್ರನ್ ರಜೆ ಅರ್ಜಿಯ ಹಾಳೆಯೊಂದನ್ನು ಅವಳ ಮುಂದೆ ಸರಿಸಿದಳು.

"ರಜಾ ತಗೊಳ್ಳಿ. ಮನೇಲಿ ಅಮ್ಮನ್ನ ನೋಡ್ಕೊಳ್ಳೋಕಲ್ಲ, ಮಲಗೋಕೆ. ಅಮ್ಮನ್ನ ಯಾರಿಗಾದ್ರೂ ವಹಿಸಿ ಮಲಗಿ. ಇಲ್ಲಾಂದ್ರೆ ನಿಮ್ಮನ್ನ ವಾರ್ಡಿಂದ ತೆಗೆದು ಸ್ಟೋರಿಗೆ ಹಾಕ್ಬೇಕಾಗುತ್ತೆ. ಹತ್ತಿ ಬ್ಯಾಂಡೇಜು ಎಣಿಸ್ಕೊಂಡು ಕೂತಿರ್ತೀರಿ. ನನ್ನ ಬಾಯಲ್ಲಿ ಇದನ್ನ ಇನ್ನೊಂದ್ಸಲ ಹೇಳಿಸ್ಬೇಡಿ, ಸಿಸ್ಟರ್."

ಸ್ಟೋರು! ಕಿಟಕಿಯಿಲ್ಲದ ಆ ಕೋಣೆಯಲ್ಲಿ ನರಳುವವರಿಲ್ಲ, ಕರೆಯುವವರಿಲ್ಲ. ಸಿಸ್ಟರಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಅದು ಮಂಚದ ಕಾಲಬದಿಗೆ ನಿಲ್ಲುವುದು. ಅದೂ ಹೋದರೆ ಅವಳು ಯಾರು? ಅದಕ್ಕಿಂತ ಹೆಚ್ಚಾಗಿ ಇಂಜೆಕ್ಷನ್ನಿನ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು, ಏಕೆಂದರೆ ಮೇಟ್ರನ್ ಹೇಳಿದ್ದು ನಿಜ.

ಮನೆಗೆ ಬಂದವಳು ತಮ್ಮನಿಗೆ ಫೋನು ಮಾಡಿದಳು. ಅಮ್ಮನನ್ನು ಸ್ವಲ್ಪ ದಿನ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದಳು. ಆ ಕಡೆ ತಮ್ಮ ತಿರುಗುತ್ತಿದ್ದ ಫ್ಯಾನೊಂದನ್ನು ಆರಿಸಿದ ಸದ್ದು ಬಂತು.

"ಇಟ್ಕೋತೀನಿ ಅಂತ ನಾನು ಯಾವತ್ತಿಂದ ಹೇಳ್ತಿದೀನಿ ಅಕ್ಕ? ನೀನು ಕೊಟ್ರೆ ತಾನೇ ನಾನು ತಗೊಳ್ಳೋದು? ಹೋದ್ ಸಲದ ಹಾಗೆ ಮಾಡ್ಬೇಡ ಮತ್ತೆ."

ಹೋದ ಸಲದ ಕಥೆ ಹೀಗೆ. ಅಮ್ಮನನ್ನು ತಮ್ಮ ಕರೆದುಕೊಂಡು ಹೋದ, ವ್ಯಾನು ಅವನ ಬೀದಿ ತಲುಪುವ ಮೊದಲೇ ಸಿಸ್ಟರಿನ ಫೋನು ಬಂತು. ಆಮೇಲೆ ಊಟದ ಹೊತ್ತಿಗೊಂದು, ಮಾತ್ರೆಯ ಹೊತ್ತಿಗೊಂದು. ಸಂಜೆ, ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ ಎಂದು ಅವಳೇ ಬಂದಿಳಿದಳು. ಬಂದವಳು ಅಮ್ಮನ ದಿಂಬು ಸರಿಯಿಲ್ಲ ಎಂದಳು, ಮಗ್ಗುಲು ಸರಿಯಿಲ್ಲ ಎಂದಳು, ರಾತ್ರಿಯೊಳಗೆ ಅಮ್ಮನನ್ನು ವಾಪಸು ಕರೆದುಕೊಂಡು ಹೊರಟೇಬಿಟ್ಟಳು. ತಮ್ಮನ ಹೆಂಡತಿ ಹೊಸದಾಗಿ ಒಗೆದು ಹಾಸಿದ್ದ ಹಾಸಿಗೆಯನ್ನು ಮುಖ ಬಾಡಿಸಿಕೊಂಡು ಮಡಿಸಿಟ್ಟಳು. ಅಂದಿನಿಂದ ಅವರ ಬಾಯಿಯೂ ಕಾಲೂ ಈ ಕಡೆ ಕಡಿಮೆಯಾದವು. ತಮ್ಮ ನೋಡಿಕೊಳ್ಳುವುದಿಲ್ಲ ಎಂದು ಬೀದಿಯವರು ಆಡಿಕೊಂಡಾಗ ಸಿಸ್ಟರ್ ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಅದು ಅವಳು ಮಾಡಿದ ತಪ್ಪೇ, ಮುಚ್ಚಿಡುವುದೇನು.

ತಮ್ಮ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಹೆಂಡತಿಯ ಜೊತೆ, ಸ್ನೇಹಿತನ ವ್ಯಾನಿನಲ್ಲಿ. ವ್ಯಾನಿನ ಹಿಂದಿನ ಸೀಟು ತೆಗೆಸಿ ಹಾಸಿಗೆ ಹಾಸಿದ್ದ. ಸ್ನೇಹಿತ ಬೀದಿಯಲ್ಲಿ ಎಂಜಿನ್ ಆರಿಸದೆ ಕಾಯುತ್ತಿದ್ದ. ಗುಂಡಿಯಮ್ಮನೂ ಹೊಲಿಗೆ ಕೆಳಗಿಟ್ಟು ಎದ್ದು ನಿಂತಳು. ಅಮ್ಮನಿಗೆ ಒಗೆದ ಸೀರೆ ಉಡಿಸಿ ತಲೆ ಬಾಚಿ ಆಗಿತ್ತು. ಸಿಸ್ಟರ್ ಮಂಚದ ಕಾಲಬದಿಗೆ ಹೋಗಿ ನಿಂತಳು.

"ಪೇಷೆಂಟ್ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾರೆ..."

"ಯಾರೇ ಪೇಷೆಂಟು?" ಅಂದಳು ತಾಯಿ.

"ಅಮ್ಮ ಸುಮ್ನಿರಮ್ಮ. ಬೆಳಿಗ್ಗೆ ಅರ್ಧ ಲೋಟ ಹಾಲು. ಒಂದಕ್ಕೆ ಆಗಿದೆ, ಎರಡಕ್ಕೆ ಇಲ್ಲ..."

"ತಗೊಂಡೆ ಅಕ್ಕ" ಅಂದ ತಮ್ಮ, ತಾಯಿಯ ಬೆನ್ನ ಕೆಳಗೆ ಕೈ ಹಾಕುತ್ತ.

"ಇನ್ನೂ ಮುಗಿದಿಲ್ಲ!"

ಮುಗಿಯುವ ಲಕ್ಷಣವೂ ಕಾಣಲಿಲ್ಲ. ಬೆನ್ನಿಗೆ ಪೌಡರ್ ಹಾಕುವ ಬಗೆ ಹೇಳಿದಳು, ಗುಳಿಗೆ ಪುಡಿಮಾಡುವ ಬಗೆ ಹೇಳಿದಳು, ಯಾವ ನೋವಿಗೆ ಯಾವ ಮುಖ ಮಾಡುತ್ತಾಳೆ ಎಂದು ಮುಖ ಮಾಡಿ ತೋರಿಸಿದಳು. ತಮ್ಮನ ಹೆಂಡತಿ ಪ್ರತಿಯೊಂದಕ್ಕೂ "ಆಯ್ತು ಅತ್ತಿಗೆ" ಅನ್ನುತ್ತಿದ್ದಳು. ಅಷ್ಟು ಬೇಗ ಆಯ್ತು ಅನ್ನುವುದೇ ಸಿಸ್ಟರಿಗೆ ಅನುಮಾನ ಹುಟ್ಟಿಸುತ್ತಿತ್ತು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ತಮ್ಮ ತಾಯಿಯನ್ನು ಎತ್ತಲು ಬಗ್ಗುವುದು, ಸಿಸ್ಟರಿಗೆ ಇನ್ನೊಂದು ನೆನಪಾಗುವುದು, ಅವನು ಮತ್ತೆ ನೆಟ್ಟಗಾಗುವುದು. ಕೊನೆಗೆ ಅವನ ಹಣೆಯ ಬೆವರು ನೋಡಿ ಅವಳ ಧೈರ್ಯವೇ ಉಡುಗಿತು.

"ಬೇಡ ಬಿಡು, ಇವತ್ತು ಬೇಡ. ನಾಳೆ ಕರ್ಕೊಂಡು ಹೋಗು. ನಂಗೆ ಇನ್ನೂ ಎಲ್ಲ ಹೇಳೋಕೆ ಆಗಿಲ್ಲ."

ತಮ್ಮ ಬೆವರು ಒರೆಸಿಕೊಂಡ. ಹೆಂಡತಿಯ ಕಡೆ ನೋಡಿದ. ಅವಳು ಕೈಯಲ್ಲಿದ್ದ ಔಷಧಿಯ ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಹೋದ ಸಲ ಹಾಸಿಗೆ ಮಡಿಸಿದಾಗ ಇದ್ದ ಮುಖವೇ ಈಗಲೂ.

ಟಣ್ ಟಣ್ ಟಣ್ ಎಂದು ಚಮಚ ಮಂಚದ ಪಟ್ಟಿಗೆ ಬಡಿಯಿತು.

"ಈಗ ನಂದು ಕೇಳಿ" ಅಂದಳು ತಾಯಿ. "ಗುಂಡಿ, ಬಾರೇ ಇಲ್ಲಿ. ನನ್ನ ಕಾಲ ಹತ್ರ ನಿಂತ್ಕೋ."

ಗುಂಡಿಯಮ್ಮ ಗಾಬರಿಯಾಗಿ ಬಂದು ನಿಂತಳು. ತಾಯಿ ಚಮಚವನ್ನು ಮಗಳ ಕಡೆ ತೋರಿಸಿದಳು. ಮಾತು ಒಂದೊಂದಾಗಿ, ತಡೆದು ತಡೆದು, ಸೊಟ್ಟ ಬಾಯಿಯಿಂದ ಹೊರಟಿತು.

"ಇವಳಿಗೆ ನಿದ್ದೆ ಇಲ್ಲ. ಊಟ ನಿಂತ್ಕೊಂಡೇ ಮಾಡ್ತಾಳೆ, ಒಲೆ ಮುಂದೆ, ಪಾತ್ರೇಲೇ. ಕೂರ್ಸು. ತಟ್ಟೆ ಹಾಕು. ಕೂರ್ಸಿದ್ರೆ ತಿಂತಾಳೆ. ಡ್ಯೂಟಿಲಿ ಒಂದಕ್ಕೂ ಹೋಗಲ್ಲ, ಕಟ್ಕೊಂಡಿರ್ತಾಳೆ, ಮನೆಗೆ ಬಂದ ತಕ್ಷಣ ಓಡ್ತಾಳೆ, ಆಗ ಮಾತಾಡ್ಸಬೇಡ."

ತಮ್ಮನಿಗೆ ನಗು ಬಂತು, ಬಾಯಿ ಮುಚ್ಚಿಕೊಂಡ. ತಾಯಿ ನಗಲಿಲ್ಲ.

"ಮೊಣಕಾಲು ನೋಯುತ್ತೆ, ಬಲಗಡೇದು. ಹೇಳಲ್ಲ. ಮೆಟ್ಲು ಹತ್ತುವಾಗ ಗೋಡೆ ಹಿಡೀತಾಳೆ, ನೋಡ್ಕೋ. ಅಳು ಬಂದ್ರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡ್ತಾಳೆ. ನಲ್ಲಿ ಬಿಟ್ರೆ ನಂಗೆ ಕೇಳ್ಸಲ್ಲ ಅಂದ್ಕೊಂಡಿದಾಳೆ." ತಾಯಿ ಉಸಿರು ತೆಗೆದುಕೊಂಡಳು. "ಮಲಗಿದಾಗ ಕರೀಬೇಡ. ಕರೀದಿದ್ರೂ ಏಳ್ತಾಳೆ. ಏನಮ್ಮಾ ಅಂತ ಎದ್ದು ಕೂರ್ತಾಳೆ. ಆಗ, ಏನಿಲ್ಲ ಮಲಗು, ಅನ್ಬೇಕು. ಗಟ್ಟಿಯಾಗಿ ಅನ್ಬಾರ್ದು, ಪೂರ್ತಿ ಎದ್ಬಿಡ್ತಾಳೆ. ಮೆತ್ತಗೆ. ನಾನು ದಿನಾ ರಾತ್ರಿ ಹಾಗೇ ಅನ್ನೋದು. ಅಷ್ಟೇ. ಮುಗೀತು."

ಇಷ್ಟು ವರ್ಷ ಮಂಚದ ಮೇಲಿದ್ದವಳನ್ನು ತಾನು ನೋಡಿಕೊಳ್ಳುತ್ತಿದ್ದೇನೆ ಎಂದೇ ಸಿಸ್ಟರ್ ತಿಳಿದಿದ್ದಳು. ಮಂಚದ ಮೇಲಿಂದಲೂ ಒಬ್ಬಳು ಪಾಳಿ ಮಾಡುತ್ತಿದ್ದಾಳೆ, ಅದೂ ರಜೆಯಿಲ್ಲದ ಪಾಳಿ, ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಗುಂಡಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಕಲಿಸಿದ ಮಾತನ್ನು ತಪ್ಪದೆ ಹೇಳಿದಳು. "ತಗೊಂಡೆ ದೊಡ್ಡಮ್ಮ. ನೀವು ಹೋಗಿ."

"ಹಾಗನ್ನು" ಅಂದಳು ತಾಯಿ. ಮಗನ ಕಡೆ ತಿರುಗಿ, "ಎತ್ತೋ" ಅಂದಳು.

ತಮ್ಮ ಎತ್ತಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ ನಿಂತ. ಸಿಸ್ಟರ್ ಬಾಯಿ ತೆರೆದಳು. ಹೇಳಬೇಕಾದದ್ದು ಇನ್ನೂ ರಾಶಿ ಇತ್ತು, ಆದರೆ ಒಂದೂ ನೆನಪಾಗಲಿಲ್ಲ. ಕೊನೆಗೆ ಹೊರಬಿದ್ದದ್ದು ಇಷ್ಟೇ: "ಅಮ್ಮಂಗೆ ನನ್ನ ಬಿಟ್ಟು ಇದ್ದು ಅಭ್ಯಾಸ ಇಲ್ಲ ಕಣೋ. ನಂಗೂ ಇಲ್ಲ."

"ತಗೊಂಡೆ ಅಕ್ಕ" ಅಂದ ತಮ್ಮ. "ನೀನು ಹೋಗು."

ಅದು ಅವಳದೇ ಮನೆ, ಹೋಗುವುದಾದರೂ ಎಲ್ಲಿಗೆ? ಆದರೂ ಅವಳು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. ತಮ್ಮನ ಹೆಂಡತಿ ಮೇಜಿನ ಮೇಲಿನ ಚೀಲವನ್ನು ಮತ್ತೆ ಕೈಗೆ ತೆಗೆದುಕೊಂಡಳು. ಬಾಗಿಲು ದಾಟುವಾಗ ಸಿಸ್ಟರಿನ ಕೈಯನ್ನು ಒಂದು ಸಲ ಒತ್ತಿ ಹಿಡಿದು, "ಸಂಜೆ ನಾನೇ ಫೋನ್ ಮಾಡ್ತೀನಿ ಅತ್ತಿಗೆ, ನೀವು ಮಾಡ್ಬೇಡಿ" ಅಂದಳು. ವ್ಯಾನು ಬೀದಿ ತಿರುಗುವ ತನಕ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಗುಂಡಿಯಮ್ಮ ತೋಳು ಹಿಡಿದು ಒಳಗೆ ಕರೆದುಕೊಂಡು ಬಂದು, ಕೂರಿಸಿ, ತಟ್ಟೆ ಹಾಕಿ, ಅವಳು ತಿನ್ನುವುದನ್ನು ಎದುರಿಗೆ ಕೂತು ನೋಡಿದಳು.

ಚಾಪೆ ಬಿಡಿಸುವ ಶಕ್ತಿಯೂ ಇರಲಿಲ್ಲ. ಸಿಸ್ಟರ್ ತಾಯಿಯ ಮಂಚದ ಮೇಲೆಯೇ ಅಡ್ಡವಾದಳು. ಹಾಸಿಗೆಯಲ್ಲಿ ತಾಯಿಯ ಆಕಾರದ ತಗ್ಗು ಇತ್ತು, ಅದರಲ್ಲಿ ಪೌಡರಿನ ವಾಸನೆ ಇತ್ತು. ಕಿಟಕಿಯಿಂದ ಸಂಜೆಯ ಬಿಸಿಲು ಕಾಲಿನ ಮೇಲೆ ಬಿದ್ದಿತ್ತು. ಗುಂಡಿಯಮ್ಮ ಹೊರಕೋಣೆಯಲ್ಲಿ ಕೂತು ಅಂಗಿಗಳ ಗಂಟು ಬಿಚ್ಚಿದಳು. ದಾರ ಕಡಿಯುವ ಸಣ್ಣ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಬಿಸಿಲು ಗೋಡೆಗೆ ಏರಿದ ಹೊತ್ತಿಗೆ ಸಿಸ್ಟರ್ ತಟ್ಟನೆ ಎದ್ದು ಕೂತಳು. ಕಣ್ಣು ಇನ್ನೂ ಬಿಟ್ಟಿರಲಿಲ್ಲ, ಕಾಲು ಆಗಲೇ ನೆಲದ ಮೇಲಿತ್ತು.

"ಏನಮ್ಮಾ?"

ಗುಂಡಿಯಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಈ ಮನೆಯಲ್ಲಿ ಸಿಸ್ಟರನ್ನು ಇದುವರೆಗೆ ನೀವು, ತಾವು ಎಂದೇ ಮಾತಾಡಿಸಿದವಳು, ಜಾಗ ಬಿಟ್ಟು ಏಳದೆ, ದನಿ ಎತ್ತದೆ, ಒಪ್ಪಿಸಿಕೊಂಡ ಹಾಗೆಯೇ ಅಂದಳು:

"ಏನಿಲ್ಲ, ಮಲಗು."